ಗೆರೆ ದಾಟದವರು

ವರ್ನಾ,

ಇವತ್ತು ಸೋತೆವು. ಅದೂ ಬಾಸ್ಕೆಟ್‌ಬಾಲ್ ಟೂರ್ನಿಯ ಮೊದಲ ಸುತ್ತಿನಲ್ಲೇ, ಯಾರೂ ಹೆಸರು ಕೇಳದ ಪುಟ್ಟ ಕಾಲೇಜೊಂದರ ಎದುರು. ನನ್ನ ಡಿಫೆನ್ಸ್ ನಿನಗೆ ಗೊತ್ತಲ್ಲ, ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿ ಇಟ್ಟು ತೋರಿಸುತ್ತಿದ್ದೆ. (ಆ ಡಬ್ಬಿಯ ಮುಚ್ಚಳ ಈಗ ನಿಲ್ಲುವುದಿಲ್ಲ, ಅದಿರಲಿ.) ಐವರೂ ಬುಟ್ಟಿಯ ಸುತ್ತಲಿನ ಗೆರೆ ದಾಟದೆ ನಿಂತು, ಪಕ್ಕದವನಿಗೆ ಧೈರ್ಯ ಬರುವಂತೆ "ನಾನಿದ್ದೀನಿ!" ಎಂದು ಕೂಗುತ್ತಿರಬೇಕು. ಅವರ ಕಡೆಯ ಸಣಕಲ ಹುಡುಗನೊಬ್ಬ ಗೆರೆಯಾಚೆ ದೂರದಿಂದಲೇ ಎಸೆದ. ಚೆಂಡು ಒಂಬತ್ತು ಸಲ ಬುಟ್ಟಿಗೆ ಬಿತ್ತು.

"ಕೋಚ್, ನಾನು ಮುಂದೆ ಹೋಗಿ ಅವನ್ನ ತಡೀಲಾ?" ಎಂದು ನಮ್ಮ ಡೆರೆಲ್ ಬೇಡಿಕೊಂಡ.

"ಜಾಗ ಬಿಡಬೇಡ" ಎಂದೆ. ಇಪ್ಪತ್ತಾರು ವರ್ಷದಿಂದ ಹೇಳಿದ್ದೇ ಬಾಯಿಗೆ ಬಂತು.

ಹಿಂದಿನ ಸಾಲಿನಿಂದ ಮುದುಕನೊಬ್ಬ, "ಗೋಡೆ ಏನೋ ಚೆನ್ನಾಗಿ ಕಟ್ಟಿದೀರ ಕೋಚ್, ಅವ್ನು ಮೇಲಿಂದ್ಲೇ ಎಸೀತಿದಾನಲ್ರೀ!" ಎಂದು ನಕ್ಕ.

ಆಟ ಮುಗಿಯುವವರೆಗೂ ಹುಡುಗರು ನಿಂತಲ್ಲೇ ನಿಂತು "ನಾನಿದ್ದೀನಿ, ನಾನಿದ್ದೀನಿ" ಎಂದು ಕೂಗುತ್ತಲೇ ಇದ್ದರು.

ನೀನು ಹೋದ ಆ ಮಾರ್ಚಿನಲ್ಲಿ, ಪಂದ್ಯದ ಊರುಗಳಿಂದ ದಿನಾ ಆಸ್ಪತ್ರೆಗೆ ಫೋನ್ ಮಾಡಿ ನಾನು ನಿನಗೆ ಹೇಳುತ್ತಿದ್ದದ್ದೂ ಅದನ್ನೇ.