ಅವ್ವನಿಗೆ ಕಣ್ಣು ಬಂದವು

ತಿಕೋಟಾ, ಶ್ರಾವಣ, ೧೯೭೬

ಅಪ್ಪಾ,

ಅವ್ವನಿಗೆ ಕಣ್ಣು ಕಾಣುತ್ತಿವೆ. ಈ ಪತ್ರ ನಿನಗೆ ಮುಟ್ಟುವುದಿಲ್ಲ ಎಂದು ಗೊತ್ತು, ಆದರೂ ಬರೆಯದೆ ಇರಲಾಗಲಿಲ್ಲ.

ಕಣ್ಣಿನ ಪೊರೆ ಬಲಿಯಲಿ, ಆಮೇಲೆ ಆಪರೇಶನ್ ಮಾಡೋಣ ಎಂದು ಡಾಕ್ಟರು ಹೇಳಿದ್ದರಲ್ಲ, ಅಷ್ಟರಲ್ಲಿ ಕಾಯಿಲೆ ಬಿದ್ದು ನೀನೇ ಹೋದೆ. ಈಗ ವಿಜಾಪುರದಲ್ಲಿ ಆಪರೇಶನ್ ಆಯಿತು. ಇವತ್ತು ದಪ್ಪ ಕನ್ನಡಕ ಕೊಟ್ಟರು. ಸ್ಟೇಷನ್ ರಸ್ತೆಯ ತುಂಬ ಅವ್ವ ಸಣ್ಣ ಹುಡುಗಿಯ ಹಾಗೆ ಟಾಂಗಾ, ಬೋರ್ಡು, ಬಾಳೆಹಣ್ಣು ಎಲ್ಲವನ್ನೂ ನನಗೇ ತೋರಿಸುತ್ತ ನಡೆದಳು. ಬಟ್ಟೆ ಅಂಗಡಿಯ ಕನ್ನಡಿಯ ಮುಂದೆ ಮಾತ್ರ ನಿಂತುಬಿಟ್ಟಳು. ಸೆರಗು ಸರಿಸಿ ನೋಡಿಕೊಂಡಳು.

"ನೀಲವ್ವಾ, ಕೂದಲಾ ಯಾವಾಗ ಬೆಳ್ಳಗಾದ್ವು?"

"ಭಾಳ ದಿನಾ ಆತಬೇ."

"ದಿನಾ ಲಿಂಗಪೂಜಾ ಮುಗಿಸಿ ನಿಮ್ಮಪ್ಪನೇ ಬಾಚಣಿಕಿ ಹಿಡದು ನನ್ನ ತಲಿ ಹಿಕ್ಕತಿದ್ರು. ಒಂದೂ ಬಿಳಿ ಕೂದಲಾ ಇಲ್ಲ ಅಂತಿದ್ರು. ಹಣಿಮ್ಯಾಲ ಈಬತ್ತಿ ಹಚ್ಚಿದ ಮನಶ್ಯಾ ನನಗ ಸುಳ್ಳ ಹೇಳ್ಯಾರ ನೋಡ."

ಅಂಗಡಿಯವರು ತಿರುಗಿ ನೋಡುವಷ್ಟು ನಕ್ಕಳು. ನೀನು ಸುಳ್ಳಾಡುವುದಿಲ್ಲವೆಂದು ಬಬಲೇಶ್ವರದವರೂ ಜಗಳ ಬಗೆಹರಿಸಲು ನಿನ್ನನ್ನೇ ಕರೆಯುತ್ತಿದ್ದರಲ್ಲ, ನನಗೂ ನಗು ತಡೆಯಲಿಲ್ಲ.

ಬಸ್ಸು ತೊರವಿ ದಾಟಿದ ಮೇಲೆ ಅವ್ವ ಮೆಲ್ಲಗೆ ಕೇಳಿದಳು: "ಜೀವಾ ಹೋಗೂ ಮುಂದ ಅವರು ಭಾಳ ಸೊರಗಿದ್ರೇನ?"

ಕೊನೆಗೆ ನಿನ್ನನ್ನು ನಾನೊಬ್ಬಳೇ ಎತ್ತಿ ಪೂಜೆಗೆ ಕೂಡಿಸುತ್ತಿದ್ದೆ, ಅಷ್ಟು ಹಗುರಾಗಿದ್ದೆ ನೀನು.

"ಇಲ್ಲಬೇ, ನಿನಗ ಕಣ್ಣ ಕಾಣತಿದ್ದಾಗ ಹೆಂಗಿದ್ದನೋ ಹಂಗ ಇದ್ದ."

ಅವ್ವ ನನ್ನ ಮುಖವನ್ನೇ ದಿಟ್ಟಿಸಿ ನೋಡಿದಳು. ಆಮೇಲೆ ನನ್ನ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು, ಕಿಟಕಿಯ ಕಡೆ ತಿರುಗಿದಳು.

ನಿನ್ನ ನೀಲವ್ವ