ಒಂದು ಬೆರಳಿನ ಸಡಿಲ

ಸೆಪ್ಟೆಂಬರ್ 4, ಸಂಜೆ

ಡಾಕ್ಟರರ ಪುಟ್ಟ ವಿಮಾನವನ್ನು ಗಾಳಿಗೆ ಮೂತಿ ಮಾಡಿ ನಿಲ್ಲಿಸಿದೆ. ಚಕ್ರಗಳಿಗೆ ಮರದ ಅಡ್ಡತುಂಡು. ಗಾಳಿಗೆ ಮಗುಚದಂತೆ ಎರಡೂ ರೆಕ್ಕೆಗೆ, ಬಾಲಕ್ಕೆ ಹಗ್ಗ — ನೆಲದ ಕೊಂಡಿಗೆ ಗಂಟು. ನೈಲಾನ್ ಖಾಲಿಯಂತೆ, ಸ್ಟೋರಿನವನು ಸೆಣಬಿನ ಹಗ್ಗ ಕೊಟ್ಟ. ಮಿಡಿದರೆ ಟಂಯ್ ಅನ್ನುವಷ್ಟು ಬಿಗಿದೆ. ಪ್ರೊಬೇಷನ್ ಮುಗಿಯಲು ಇನ್ನು ಹದಿನೈದು ದಿನ. ಯಾರೂ ಬೆಟ್ಟು ಮಾಡಿ ತೋರಿಸಬಾರದು.

ವಿಮಾನ ಇಳಿಯುವ ಮೈದಾನದ ಹುಲ್ಲು ಕತ್ತರಿಸುವ ಹುಲ್ಲಕ್ಕ ಹತ್ತಿರ ಬಂದು ಏನೋ ಹೇಳುತ್ತಿದ್ದರು. ಫೋನಿನಲ್ಲಿದ್ದೆ. ಸುಮ್ಮನೆ ತಲೆಯಾಡಿಸಿದೆ.

ಸೆಪ್ಟೆಂಬರ್ 5, ಬೆಳಿಗ್ಗೆ 7

ವಿಚಿತ್ರ. ಮೂರೂ ಹಗ್ಗ ಸಡಿಲ. ಸರಿಯಾಗಿ ಒಂದು ಬೆರಳು ತೂರುವಷ್ಟು. ತಾನಾಗಿ ಸಡಿಲವಾದರೆ ಮೂರೂ ಒಂದೇ ಅಳತೆಗೆ ಆಗುತ್ತವೆಯೇ? ಗಂಟೂ ನನ್ನದಲ್ಲ. ನನ್ನದಕ್ಕಿಂತ ಚೆಂದ... ಹೊಟ್ಟೆ ಉರಿದದ್ದು ಅದಕ್ಕೇ. ಮತ್ತೆ ಬಿಗಿದು, ಗಂಟಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದೆ.

ಸೆಪ್ಟೆಂಬರ್ 6

ಗೆರೆ ತುಂಡಾಗಿದೆ. ಯಾರು? ಸ್ಟೋರಿನವನೇ? ಡಾಕ್ಟರೇ? ತಲೆ ಚಿಟ್ಟು ಹಿಡಿಯಿತು. ಮ್ಯಾನೇಜರ್‌ಗೆ ಹೇಳಿದೆ. "ಬರೆದು ಕೊಡಮ್ಮ" ಅಂದರು. 'ಯಾರೋ ಬೇಕೆಂದೇ ಹಗ್ಗ ಬಿಚ್ಚುತ್ತಿದ್ದಾರೆ' — ಬರೆದು ಸಹಿ ಹಾಕಿದೆ.

ಸೆಪ್ಟೆಂಬರ್ 9

ಹುಲ್ಲಕ್ಕ. ನಿನ್ನೆ ಸಂಜೆ ಹಗ್ಗ ಸಡಿಲಿಸುವಾಗ ವಾಚ್‌ಮನ್ ಕಣ್ಣಿಗೆ ಬಿದ್ದರಂತೆ. ಇವತ್ತು ಆಫೀಸಿಗೆ ಕರೆಸಿದರು, ನನ್ನನ್ನೂ.

"ಸೆಣಬು ನೆನೆದ್ರೆ ಗಿಡ್ಡ ಆಗುತ್ತೆ ಸಾರ್. ನಮ್ಮನೆ ಬಟ್ಟೆ ಹಗ್ಗ ನೋಡಿಲ್ವಾ ನಾನು? ಇಷ್ಟು ಬಿಗಿದ್ರೆ ಮಳೇಲಿ ರೆಕ್ಕೆ ಜಗ್ಗುತ್ತೆ. ಈ ಹುಡುಗಿಗೆ ಹೇಳಿದ್ದೆ. ಫೋನಲ್ಲಿದ್ಲು."

"ನಾಳೆಯಿಂದ ಬರೋದು ಬೇಡ," ಅಂದರು ಮ್ಯಾನೇಜರ್.

ಹನ್ನೊಂದು ವರ್ಷದ ಕೆಲಸ. ಅವರ ಮನೆ ನಡೆಯುವುದೇ ಅದರಲ್ಲಿ. ನಾನು ನೆಲ ನೋಡುತ್ತಾ ನಿಂತಿದ್ದೆ.

ಆದರೂ... ನೆನೆದರೆ ಹಿಗ್ಗಬೇಕಲ್ಲ. ಗಿಡ್ಡ ಹೇಗೆ?

ಸೆಪ್ಟೆಂಬರ್ 10, ಮಧ್ಯಾಹ್ನ 2

ಉಳಿದ ಹಗ್ಗದಲ್ಲಿ ನೂರು ಸೆಂಟಿಮೀಟರ್ ಕತ್ತರಿಸಿ ಬಕೆಟ್ಟಿನಲ್ಲಿ ಮುಳುಗಿಸಿಟ್ಟಿದ್ದೆ. ಈಗ ಟೇಪ್ ಹಿಡಿದೆ — ತೊಂಬತ್ತೈದು. ಮತ್ತೆ ಹಿಡಿದೆ. ತೊಂಬತ್ತೈದೇ. ದಪ್ಪಗಾಗಿದೆ, ಗಿಡ್ಡವಾಗಿದೆ. ಎಂಥ ಸೋಜಿಗ. ಎಂಥ ನಾಚಿಕೆ.

ಅದೇ ದಿನ, 4.30

ಮೂರಕ್ಕೆ ಮಳೆ ಸುರಿಯಿತು. ನಿನ್ನೆ ನಾನೇ ಮತ್ತೆ ಬಿಗಿದಿದ್ದ ಹಗ್ಗ ಇನ್ನೂ ಹಾಗೇ ಇತ್ತು. ಓಡಿದೆ. ರೆಕ್ಕೆ ಆಗಲೇ ಕೆಳಕ್ಕೆ ಜಗ್ಗಿತ್ತು, ಕೊಂಡಿ ಕಿರುಗುಟ್ಟುತ್ತಿತ್ತು. ನೆನೆದ ಗಂಟು ಬಿಚ್ಚುವಷ್ಟರಲ್ಲಿ ಒಂದು ಉಗುರು ಹೋಯಿತು. ಮೂರಕ್ಕೂ ಒಂದು ಬೆರಳು ಸಡಿಲ ಬಿಟ್ಟೆ. ಏನೂ ಮುರಿದಿಲ್ಲ, ಸದ್ಯ.

ಸೆಪ್ಟೆಂಬರ್ 11

ಬೆಳಿಗ್ಗೆಯೇ ಎರಡನೇ ಪತ್ರ ಕೊಟ್ಟೆ. ತಪ್ಪಾಗಿ ಕಟ್ಟಿದವಳು ನಾನು, ಸರಿ ಮಾಡುತ್ತಿದ್ದವರು ಹುಲ್ಲಕ್ಕ ಎಂದು. ಮ್ಯಾನೇಜರ್ ಮುಖ ನೋಡಿದರು. "ಪ್ರೊಬೇಷನ್ ಇನ್ನೂ ಎಂಟು ದಿನ ಇದೆ. ಗೊತ್ತಲ್ಲ?"

ಗೊತ್ತು ಎಂದೆ. ಪತ್ರ ವಾಪಸ್ ಕೇಳಲಿಲ್ಲ.

ಅಲ್ಲಿಂದ ನೇರ ಹುಲ್ಲಕ್ಕನ ಮನೆಗೆ. ಕ್ಷಮೆ ಕೇಳಲು ಬಾಯಿ ತೆರೆಯುವ ಮೊದಲೇ ಅವರು, "ನಿನ್ನೆ ಮಳೆ ಬಂತಲ್ಲ. ಸಡಿಲ ಬಿಟ್ಯಾ?"

"ಒಂದು ಬೆರಳು ಬಿಟ್ಟೆ, ಅಕ್ಕ."

ನನ್ನ ಕೈ ಹಿಡಿದು ತಿರುಗಿಸಿ ನೋಡಿದರು. "ನಿನ್ನ ಬೆರಳು ಸಣ್ಣ ಕಣೇ. ನಿಂದು ಎರಡು ಬೇಕು." ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು.

ಈಗ ರೆಕ್ಕೆಯಡಿ ಕೂತು ಗಂಟು ಬಿಚ್ಚುತ್ತಿದ್ದಾರೆ. ಇಲ್ಲಿ ಸ್ಟೋರಿನ ಕಿಟಕಿಯಿಂದ ಕಾಣುತ್ತಿದೆ. ಮತ್ತೆ ಮೋಡ ಕವಿದಿದೆ. ಮ್ಯಾನೇಜರ್ ನನ್ನ ಪತ್ರ ಕೈಯಲ್ಲಿ ಹಿಡಿದು ಅತ್ತಲೇ ನಡೆಯುತ್ತಿದ್ದಾರೆ. ಈ ಸಲ ನೆಲ ನೋಡುತ್ತಾ ನಿಲ್ಲುವುದಿಲ್ಲ. ಹೋಗಿ ಹುಲ್ಲಕ್ಕನ ಪಕ್ಕದಲ್ಲಿ —