ಗ್ಯಾಸಿಲ್ಲದ ಮನೆಗೆ ಗ್ಯಾಸಿನ ಕಿಂಡಿ

ಮಾನ್ಯ ವಸತಿ ನಿರ್ದೇಶಕರೇ,

ನೀವು ಮಂಜೂರು ಮಾಡಿದ ನನ್ನ ಹೊಸ ಮನೆಯ ಗೋಡೆಯಲ್ಲಿ ಎರಡು ಕಿಂಡಿಗಳಿವೆ. ಒಂದು ಸೂರಿನ ಹತ್ತಿರ, ಇನ್ನೊಂದು ನೆಲದ ಹತ್ತಿರ. ಗ್ಯಾಸ್ ಸೋರಿದರೆ ಹೊರಗೆ ಹೋಗಲಿ, ಉರಿಗೆ ಬೇಕಾದ ಗಾಳಿ ಒಳಗೆ ಬರಲಿ ಎಂದು ನಿಮ್ಮವರೇ ಕೊರೆಸಿದ್ದು. ಒಳ್ಳೆಯ ಏರ್ಪಾಡು, ಒಪ್ಪುತ್ತೇನೆ. ತೊಂದರೆ ಇಷ್ಟೇ: ನನ್ನ ಮನೆಗೆ ಕೊಳವೆಯ ಗ್ಯಾಸ್ ಬಂದಿಲ್ಲ. ಆಲ್ತೋ ಬಾರ್ದಾ ಬಡಾವಣೆಯ ಯಾವ ಮನೆಗೂ ಬಂದಿಲ್ಲ. ಬಂದಿರುವುದು ಪ್ಯಾಟಗೋನಿಯದ ಗಾಳಿ ಮಾತ್ರ. ಅದು ಕೆಳಗಿನ ಕಿಂಡಿಯಿಂದ ಬಂದು, ಮನೆಯೆಲ್ಲ ಸುತ್ತಾಡಿ, ಮೇಲಿನ ಕಿಂಡಿಯಿಂದ ಹೊರಟು ಹೋಗುತ್ತದೆ. ಆ ಕಿಂಡಿಗಳನ್ನು ಮುಚ್ಚಲು ನೀವು ಬಿಡುವುದಿಲ್ಲ, ಕರೆಂಟಿನಿಂದ ಮನೆ ಬೆಚ್ಚಗೆ ಮಾಡಿಕೊಳ್ಳಲೂ ಬಿಡುವುದಿಲ್ಲ. ಎಂಬತ್ತರ ಹತ್ತಿರಕ್ಕೆ ಬಂದಿರುವ, ಎದೆಗೂಡು ಸೋತಿರುವ ನನ್ನ ತಾಯಿ ಈ ಚಳಿಗಾಲವನ್ನು ಎಲ್ಲಿ ಕಳೆಯಬೇಕು? ಇದನ್ನು ನಿಮ್ಮ ಕಚೇರಿಯ ಕಿಟಕಿಯ ಮುಂದೆ ನಿಂತು ಮೆಲ್ಲಗೆ ಕೇಳಿ ನೋಡಿದೆ, ಉತ್ತರ ಸಿಗಲಿಲ್ಲ. ಅದಕ್ಕೇ ಈಗ ಊರೆಲ್ಲ ಓದುವಂತೆ ಕೇಳುತ್ತಿದ್ದೇನೆ.

ಬೀಗದ ಕೈ ಕೊಟ್ಟ ದಿನ ನಿಮ್ಮ ಕಚೇರಿಯವರು ನಮ್ಮ ಕೈಗೊಂದು ಬಣ್ಣದ ಕರಪತ್ರವನ್ನೂ ಇಟ್ಟಿದ್ದರು. ‘ಅನಿಲವೋ, ವಿದ್ಯುತ್ತೋ? ನಿಮ್ಮ ಕುಟುಂಬಕ್ಕೆ ಹಿತವಾದುದನ್ನು ನೀವೇ ಆರಿಸಿ.’ ಕೆಳಗೆ ಅಪ್ಪ, ಅಮ್ಮ, ಇಬ್ಬರು ಮಕ್ಕಳು ಅರ್ಧ ತೋಳಿನ ಅಂಗಿ ತೊಟ್ಟು ನಗುತ್ತಿದ್ದರು. ಅವರ ಗೋಡೆಯಲ್ಲಿ ಕಿಂಡಿ ಇರಲಿಲ್ಲ ಎಂಬುದು ನನಗೆ ಹೊಳೆದದ್ದು ಆಮೇಲೆ. ‘ನೀವೇ ಆರಿಸಿ’ ಎಂಬ ಮಾತನ್ನು ನಂಬಿ ನಾನೂ ನನ್ನ ತಾಯಿ ಒಫೇಲಿಯಾಳೂ ಆ ಬೇಸಿಗೆಯುದ್ದಕ್ಕೂ ಜಗಳವಾಡಿದೆವು. ನನಗೆ ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬಿಸಿ ಕೊಡುವ ಎ.ಸಿ. ಬೇಕಿತ್ತು. ಅವಳಿಗೆ ಗ್ಯಾಸಿನ ಉರಿಯೇ ಆಗಬೇಕು.

“ಬೆಂಕೀನೇ ಕಾಣದ ಬಿಸೀನ ಹೆಂಗೆ ನಂಬೋದೇ? ನೀಲಿ ಉರಿ ಕಣ್ಣಿಗೆ ಬಿದ್ರೆ ಅರ್ಧ ಚಳಿ ಅಲ್ಲೇ ಓಡೋಗುತ್ತೆ.”

“ಅಮ್ಮಾ, ನಿನ್ನ ನೀಲಿ ಉರಿ ಜನವರಿ ಸೆಕೇಲಿ ತಂಪು ಮಾಡುತ್ತಾ? ಈ ಮೆಷಿನ್ ಎರಡೂ ಮಾಡುತ್ತೆ.”

“ಎರಡೂ ಮಾಡ್ತೀನಿ ಅನ್ನೋರು ಯಾವುದನ್ನೂ ನೆಟ್ಟಗೆ ಮಾಡಲ್ಲ ಕಣೇ. ನಿಮ್ಮಪ್ಪನ್ನ ನೋಡಲಿಲ್ವಾ?”

ಸತ್ತ ಅಪ್ಪನನ್ನೇ ಸಾಕ್ಷಿಗೆ ಕರೆದ ಮೇಲೆ ನಾನು ಸೋತೆ. ಗ್ಯಾಸಿಗೇ ಅರ್ಜಿ ಹಾಕಿದೆವು. ಗ್ಯಾಸ್ ಕಂಪನಿಯವರು, ದೊಡ್ಡ ಕೊಳವೆ ತುಂಬಿಹೋಗಿದೆ, ಅದಕ್ಕಿಂತ ದೊಡ್ಡದನ್ನು ಹಾಕುವವರೆಗೆ ಹೊಸ ಸಂಪರ್ಕವಿಲ್ಲ ಎಂದರು. ಯಾವಾಗ ಹಾಕುತ್ತೀರಿ ಎಂದರೆ ಮೇಲೆ ನೋಡಿದರು. ನಾನೂ ಮೇಲೆ ನೋಡಿದೆ. ಅಲ್ಲಿ ಫ್ಯಾನ್ ತಿರುಗುತ್ತಿತ್ತು.

ನಾನು ಬಸ್ ಓಡಿಸುವವಳು. ದಿನಾ ಬೆಳಿಗ್ಗೆ ಕೆಲಸಗಾರರನ್ನು ಗ್ಯಾಸ್ ಬಾವಿಗಳಿಗೆ ಬಿಟ್ಟು, ಸಂಜೆ ಕರೆತರುತ್ತೇನೆ. ನಮ್ಮ ಕಾಲಡಿಯ ಗ್ಯಾಸಿನಿಂದ ರಾಜಧಾನಿಯ ಒಲೆಗಳು ಉರಿಯುತ್ತವೆ, ಇರಲಿ, ಅವರೂ ನಮ್ಮವರೇ. ಆದರೆ ಬಾವಿಗಳ ಪಕ್ಕದಲ್ಲಿ ಎತ್ತರದ ಕಂಬದ ತುದಿಗೆ ಹೆಚ್ಚುವರಿ ಗ್ಯಾಸನ್ನು ಸುಮ್ಮನೆ ಸುಡುತ್ತಾರಲ್ಲ, ಅದು ನಮ್ಮ ಅಡುಗೆಮನೆ ಕಿಟಕಿಗೆ ಕಾಣುತ್ತದೆ. ಮೊದಲ ಸಲ ಅದನ್ನು ಕಂಡಾಗ ಅಮ್ಮ ಕೇಳಿದಳು: “ಮೇಲಿರೋ ದೇವರಿಗೇನೇ ಅಷ್ಟೊಂದು ಚಳಿ?” ಇದಕ್ಕೆ ಉತ್ತರ ನಿಮ್ಮ ಹತ್ತಿರ ಇದೆಯೇ?

ಜೂನ್ ಬಂತು, ಜೊತೆಗೆ ನಮ್ಮ ದಕ್ಷಿಣದ ಚಳಿಗಾಲವೂ ಬಂತು. ನಾವೂ ಸೇರಿ ಬೀದಿಯವರೆಲ್ಲ ಕಿಂಡಿಗೆ ಹಳೆ ಬಟ್ಟೆ ತುರುಕಿ, ದುಡ್ಡು ಕೊಟ್ಟು ತಂದ ಗ್ಯಾಸ್ ಸಿಲಿಂಡರಿನ ಹೀಟರ್ ಹಚ್ಚಿದೆವು. ನಿಮ್ಮ ಇನ್‌ಸ್ಪೆಕ್ಟರ್ ಸಾಹೇಬರ ಬಿಳಿ ಗಾಡಿ ತಿರುವಿನಲ್ಲಿ ಕಂಡ ಕೂಡಲೇ ಮೊದಲನೇ ಮನೆಯವರು ಪಾತ್ರೆ ಬಡಿಯುತ್ತಿದ್ದರು. ಸದ್ದು ಕೇಳಿ ಇಡೀ ಬೀದಿ ಬಟ್ಟೆ ಎಳೆದು ಬಚ್ಚಿಡುತ್ತಿತ್ತು. ಸಾಹೇಬರು ಕಿಂಡಿ ನೋಡಿ ಗುರುತು ಹಾಕಿಕೊಂಡು ಹೋದ ಮೇಲೆ ಬಟ್ಟೆ ಮತ್ತೆ ಒಳಗೆ. ಒಮ್ಮೆ ಪಕ್ಕದ ಮನೆಯ ನಿಕಾನೋರ್ ಅವಸರದಲ್ಲಿ ಒಂದು ಕಾಲುಚೀಲವನ್ನು ಕಿಂಡಿಯಲ್ಲೇ ಮರೆತಿದ್ದರು.

“ಇದ್ಯಾರದ್ರೀ?” ಎಂದರು ಸಾಹೇಬರು.

“ಗಾಳೀದು ಸಾರ್. ಇನ್ನೊಂದು ಹುಡುಕ್ಕೊಂಡು ಬರೋಕೆ ಹೋಗಿದೆ.”

ಸಾಹೇಬರೂ ನಕ್ಕರು. ಅವರಿಗೆ ಗೊತ್ತಿತ್ತು, ನಮಗೂ ಗೊತ್ತಿತ್ತು. ಗೊತ್ತಿಲ್ಲದಂತೆ ಇರುವುದೇ ಕಾನೂನು ಪಾಲನೆ ಎಂದು ಎರಡೂ ಕಡೆಯವರು ಒಪ್ಪಿಕೊಂಡಿದ್ದೆವು.

ಆಗಸ್ಟಿನ ಒಂದು ಮಧ್ಯಾಹ್ನ ಅಮ್ಮ ಕರಿದ ರೊಟ್ಟಿ ಕೊಡಲು ನಿಕಾನೋರರ ಮನೆಗೆ ಹೋದಳು. ಬಾಗಿಲು ತಟ್ಟಿದರೆ ಸದ್ದಿಲ್ಲ. ಕಿಟಕಿಯಲ್ಲಿ ಇಣುಕಿದರೆ ಅವರ ಹೆಂಡತಿ ದೇಲಿಯಾ ನೆಲದ ಮೇಲೆ, ನಿಕಾನೋರ್ ಕುರ್ಚಿಯಲ್ಲಿ, ನಡುವೆ ಹೀಟರ್ ಸಣ್ಣಗೆ ಉರಿಯುತ್ತಿತ್ತು. ಎರಡೂ ಕಿಂಡಿಗೆ ಹಾಸಿಗೆಯ ತುಂಡು ಜಡಿದಿದ್ದರು. ಮುಚ್ಚಿದ ಮನೆಯಲ್ಲಿ ಉರಿ ಬಿಡುವ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅಮ್ಮ ಊರುಗೋಲಿನಿಂದ ಗಾಜು ಒಡೆದು, ಬೀದಿಗೆಲ್ಲ ಕೇಳುವಂತೆ ಕೂಗಿದಳು. ಇಬ್ಬರೂ ಬದುಕಿದರು. ಆದರೆ ದೇಲಿಯಾ ಈಗ ಒಲೆಯ ಮೇಲೆ ನೀರಿಟ್ಟು ಯಾಕಿಟ್ಟೆ ಎಂದು ಗಂಡನನ್ನು ಕೇಳುತ್ತಾಳೆ. ಮಗಳ ಹೆಸರು ನೆನಪಿಗೆ ಬಾರದೆ ಅಳುತ್ತಾಳೆ.

ನಿಮ್ಮ ಕಚೇರಿ ಏನು ಮಾಡಿತು? ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿತು. ‘ಬಳಕೆದಾರರ ಅಜಾಗರೂಕತೆಯಿಂದ ಘಟನೆ ಸಂಭವಿಸಿದೆ, ಕಿಂಡಿಗಳನ್ನು ಸದಾ ತೆರೆದಿಡತಕ್ಕದ್ದು’ ಎಂದು ಮನೆಮನೆಗೆ ಚೀಟಿ ಅಂಟಿಸಿತು. ಬಳಕೆದಾರರು! ಏನನ್ನು ಬಳಸಿದ್ದಕ್ಕೆ ಸ್ವಾಮಿ? ನೀವು ಕೊಡದ ಗ್ಯಾಸನ್ನೇ? ನನಗೆ ಸಿಟ್ಟು ಬರುವುದು ಇಲ್ಲಿ. ಆ ದಂಪತಿ ಮೂರ್ಖರಲ್ಲ, ಅವರಿಗೆ ಚಳಿಯಾಗಿತ್ತು.

ಆ ಸಂಜೆಯೇ ಅಮ್ಮ ನಮ್ಮ ಕಿಂಡಿಗಳ ಬಟ್ಟೆ ಕಿತ್ತು, ಹೀಟರನ್ನು ಹಿತ್ತಲಿಗೆ ಎಸೆದಳು. “ನಿನ್ನ ಮೆಷಿನ್ನೇ ತಗೊಂಡ್ ಬಾರೇ. ಬೆಂಕಿ ಸಹವಾಸ ನನಗೆ ಸಾಕು,” ಎಂದಳು. ಜೀವಮಾನವಿಡೀ ಉರಿಯನ್ನು ನಂಬಿದವಳ ಬಾಯಲ್ಲಿ ಆ ಮಾತು ಕೇಳಿ ಗೆದ್ದೆನೆಂದು ಅನಿಸಲಿಲ್ಲ. ಉಳಿದ ಚಳಿಯನ್ನು ಕಂಬಳಿಯೊಳಗೆ ಕೆಮ್ಮುತ್ತ ಕಳೆದಳು. ಬೇಸಿಗೆಗೆ ಮುಂಚೆ ನಾನು ಎ.ಸಿ. ತಂದು ಕೂರಿಸಿದೆ. ಹಾಕಿದರೆ ಮನೆಯ ಕರೆಂಟೇ ಹೋಗುತ್ತದೆ. ಫ್ರಿಜ್ ನಿಲ್ಲಿಸಿ, ದೀಪ ಆರಿಸಿ ಹಾಕಿದರೂ ಹೋಗುತ್ತದೆ. ಹೆಚ್ಚಿನ ಲೋಡ್ ಕೇಳಲು ವಿದ್ಯುತ್ ಕಚೇರಿಗೆ ಓಡಿದೆ.

“ನಿಮ್ಮದು ಗ್ಯಾಸ್ ಮನೆ ಮೇಡಂ. ಗ್ಯಾಸ್ ಮನೆಗೆ ಇಷ್ಟೇ ಲೋಡು.”

“ಗ್ಯಾಸೇ ಇಲ್ವಲ್ಲಪ್ಪಾ!”

“ಇಲ್ಲ ಅಂತ ವಸತಿ ಕಚೇರೀಲಿ ಒಂದು ಸಾಲು ಬರೆಸ್ಕೊಂಡ್ ಬನ್ನಿ. ಇವತ್ತೇ ಬದಲಾಯಿಸಿಕೊಡ್ತೀನಿ.”

ಒಂದೇ ಒಂದು ಸಾಲು. ಸಂತೋಷದಿಂದ ನಿಮ್ಮಲ್ಲಿಗೆ ಬಂದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ.

“ಹಂಗೆಲ್ಲಾ ಬರೆಯೋಕಾಗಲ್ಲ ಮೇಡಂ,” ಎಂದರು ನಿಮ್ಮ ಗುಮಾಸ್ತರು. “ಗೋಡೇಲಿ ಪೈಪ್ ಇದೆ ತಾನೆ? ಕಿಂಡಿ ಇದೆ ತಾನೆ? ಮತ್ತೆ! ಗ್ಯಾಸ್ ಮನೇನೇ.”

“ಪೈಪಲ್ಲಿ ಗ್ಯಾಸ್ ಇಲ್ಲ.”

“ಅದು ಗ್ಯಾಸ್ ಕಂಪನಿಯವರ ವಿಷಯ.”

ಮಾನ್ಯರೇ, ತೊಟ್ಟಿಲು ತಂದಿಟ್ಟ ಮಾತ್ರಕ್ಕೆ ಮಗು ಹುಟ್ಟಿದೆ ಎಂದು ಯಾರಾದರೂ ಬರೆದುಕೊಡುತ್ತಾರೆಯೇ? ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರೆ. ನಮ್ಮ ಬಂಡಿಯಲ್ಲಿ ಎರಡೂ ಮಲಗಿಬಿಟ್ಟಿವೆ, ನಾವು ಮಾತ್ರ ನೊಗ ಹೊತ್ತು ನಿಂತಿದ್ದೇವೆ. ಇದನ್ನೇ ನೀವು ಆಯ್ಕೆ ಎಂದು ಅಚ್ಚು ಹಾಕಿಸಿದ್ದೀರಿ.

ಜನವರಿಯಲ್ಲಿ ತಗಡಿನ ಸೂರು ಕಾದು ಅಮ್ಮನಿಗೆ ಉಸಿರು ಕಟ್ಟತೊಡಗಿದಾಗ ನಾನು ಅವಳನ್ನು ಬಸ್ಸಿಗೆ ಹತ್ತಿಸಿಕೊಂಡೆ. ಬಸ್ಸಿನಲ್ಲಿ ತಂಪಿತ್ತು. ಏಪ್ರಿಲ್ ಬಂದ ಮೇಲೆ ಬೆಚ್ಚಗಿತ್ತು. ಅವಳು ನನ್ನ ಹಿಂದಿನ ಸೀಟಿನಲ್ಲಿ ಕೂತು ಹೆಣೆಯುತ್ತ, ಬಾವಿಯವರೆಗೆ ಹೋಗಿ ಬರುತ್ತಿದ್ದಳು. ಕೆಲಸಗಾರರು ಅವಳಿಗೆ ಯೆರ್ಬಾ ಎಲೆಯ ಕಷಾಯ ಕೊಟ್ಟು ಕೀಟಲೆ ಮಾಡುತ್ತಿದ್ದರು.

“ಅಜ್ಜೀ, ನೀನೂ ಬಾವಿ ತೋಡೋಕೆ ಬರ್ತೀಯಾ?”

“ತೋಡಿದ್ದನ್ನ ಒಂದು ಚೊಂಬಲ್ಲಿ ಮನೆಗೆ ಕೊಡ್ತೀರೇನ್ರೋ? ಕೊಟ್ರೆ ಬರ್ತೀನಿ.”

ಕಳೆದ ವಾರ ಬಸ್ಸಿನ ಮಾಲೀಕರಿಗೆ ಸುದ್ದಿ ಮುಟ್ಟಿತು. ವಿಮೆ ಇಲ್ಲದವರನ್ನು ಹತ್ತಿಸಿದರೆ ನನ್ನ ಕೆಲಸ ಹೋಗುತ್ತದೆ. ಅಲ್ಲಿಗೆ ಅಮ್ಮನ ಕೊನೆಯ ಬೆಚ್ಚನೆಯ ಜಾಗವೂ ಹೋಯಿತು. ಈಗ ಮೇ ತಿಂಗಳು, ಬಕೆಟ್ಟಿನ ನೀರು ಹೆಪ್ಪುಗಟ್ಟಲು ಶುರುವಾಗಿದೆ. ರಾತ್ರಿ ಅವಳು ಕೆಮ್ಮುವುದು ಕೇಳಿದಾಗಲೆಲ್ಲ ನನಗೆ ಭಯವಾಗುತ್ತದೆ. ಇದನ್ನು ಇನ್ನೂ ನಯವಾಗಿ ಹೇಳಲು ನನಗೆ ಬರುವುದಿಲ್ಲ.

ಮೊನ್ನೆ ಆ ಒಂದು ಸಾಲಿಗಾಗಿ ಮತ್ತೆ ಬಂದೆ, ಅಮ್ಮನನ್ನೂ ಕರೆತಂದೆ. ನಿಮ್ಮ ಹಜಾರದಲ್ಲಿ ಕೂತ ಸ್ವಲ್ಪ ಹೊತ್ತಿಗೆ ಅವಳು ಶಾಲು ತೆಗೆದಳು. ಆಮೇಲೆ ಸ್ವೆಟರ್ ತೆಗೆದಳು. ಕೆಮ್ಮು ನಿಂತಿತು. ಗೋಡೆಗೊರಗಿ, ಬಾಯಿ ತೆರೆದು, ಮಗುವಿನಂತೆ ನಿದ್ದೆ ಹೋದಳು. ಎಷ್ಟೋ ತಿಂಗಳಿಂದ ಅವಳು ಹಾಗೆ ಮಲಗಿದ್ದನ್ನು ನಾನು ಕಂಡಿರಲಿಲ್ಲ. ನಿಮ್ಮ ಹಜಾರಕ್ಕೆ ಗ್ಯಾಸೋ ಕರೆಂಟೋ ನನಗೆ ಗೊತ್ತಿಲ್ಲ, ಅಲ್ಲಿ ಬೆಚ್ಚಗಿತ್ತು. ಕಚೇರಿ ಮುಚ್ಚುವ ಹೊತ್ತಿಗೆ ಗುಮಾಸ್ತರು ಮೆಲ್ಲಗೆ ಎಬ್ಬಿಸಿ, “ಅಜ್ಜೀ, ಏಳಿ, ಮನೆಗೆ ಹೋಗಿ,” ಎಂದರು. ಅವಳು ಕಣ್ಣುಜ್ಜಿಕೊಂಡು ಸುತ್ತ ನೋಡಿ ಕೇಳಿದಳು: “ಯಾವ ಮನೆಗಪ್ಪಾ?”

ಆದ್ದರಿಂದ ನನ್ನ ಬೇಡಿಕೆ ಚಿಕ್ಕದು. ‘ಈ ಬೀದಿಯ ಮನೆಗಳಿಗೆ ಗ್ಯಾಸ್ ಇಲ್ಲ’ ಎಂದು ಬರೆದು ರುಜು ಹಾಕಿ. ಆಮೇಲೆ ಕಿಂಡಿಗಳನ್ನು ಇಟ್ಟಿಗೆ ಇಟ್ಟು ನಾವೇ ಮುಚ್ಚಿಕೊಳ್ಳುತ್ತೇವೆ. ಅಲ್ಲಿಯವರೆಗೆ, ಸೋಮವಾರದಿಂದ, ಬಾಗಿಲು ತೆಗೆಯುವ ಹೊತ್ತಿಗೆ ನನ್ನ ತಾಯಿ ನಿಮ್ಮ ಹಜಾರಕ್ಕೆ ಬರುತ್ತಾಳೆ. ಬಸ್ಸಿಗೆ ಹೋಗುವ ದಾರಿಯಲ್ಲಿ ನಾನೇ ಬಿಟ್ಟು ಹೋಗುತ್ತೇನೆ. ನಿಕಾನೋರರೂ ದೇಲಿಯಾಳನ್ನು ಕರೆತರುತ್ತಾರಂತೆ. ಅವಳು ನಿಮ್ಮ ಹೆಸರನ್ನು ಮತ್ತೆ ಮತ್ತೆ ಕೇಳಬಹುದು. ಬೇಸರಿಸದೆ ಪ್ರತಿ ಸಲವೂ ಹೇಳಿ.

ಇಂತಿ,
ನಿಮ್ಮ ಕಡತದ ಪ್ರಕಾರ ಬೆಚ್ಚಗಿರುವ,
ಮಿರ್ತಾ ಕೊಲಿಪಾನ್
ಆಲ್ತೋ ಬಾರ್ದಾ ಬಡಾವಣೆ